ಎಡಗೈಯ ಮಗ್ಗ

"ಮಿಸ್ ಆಗ್ನೆಸ್, ಕೈ ಅಲ್ಲಾಡ್ತಾ ಇದೆ," ಎಂದು ಈವೆಟ್ ಮೈಕಿನಲ್ಲಿ ಹೇಳಿದಳು.

"ಇಲ್ಲ," ಎಂದಳು ಆಗ್ನೆಸ್, ಎಂಆರ್‌ಐ ಯಂತ್ರದ ಕೊಳವೆಯೊಳಗಿಂದ.

"ಅಲ್ಲಾಡ್ತಾ ಇದೆ ಅಮ್ಮಾ. ಇಲ್ಲಿ ಗೆರೆ ಕಾಣಿಸ್ತಾ ಇದೆ."

"ನಿನ್ನ ಗೆರೆ ಅಲ್ಲಾಡ್ತಿರಬೇಕು. ನನ್ನ ಕೈ ಇದ್ದಲ್ಲೇ ಇದೆ."

ಬಡಿತ ನಿಂತಿತು. ಹಲಗೆ ಹೊರಕ್ಕೆ ಜಾರಿತು. ಎಪ್ಪತ್ತೆರಡು ವರ್ಷದ ಆಗ್ನೆಸ್ ಮೆಕ್‌ಗ್ಲಿಂಚಿ ಚಾವಣಿಯ ದೀಪವನ್ನು ದಿಟ್ಟಿಸುತ್ತ ಮಲಗಿದ್ದಳು. ಅವಳ ಎಡಗೈ ಮಣಿಕಟ್ಟು ಇನ್ನೂ ಪ್ಲಾಸ್ಟಿಕ್ ಗೂಡಿನೊಳಗೆ, ಸುತ್ತ ತುರುಕಿದ ಸ್ಪಂಜಿನ ನಡುವೆ, ಎರಡು ಪಟ್ಟಿಗಳ ಬಿಗಿತದಲ್ಲಿತ್ತು. ಆ ಬೆಳಿಗ್ಗೆ ಚಿತ್ರ ಕೆಟ್ಟಿದ್ದು ಇದು ಎರಡನೆಯ ಸಲ. ಮೊದಲ ಸಲ ಪಟ್ಟಿ ಒಂದೇ ಇತ್ತು.

ಒಂದು ಚಿತ್ರಕ್ಕೆ ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತು ಮಣಿಕಟ್ಟು ಕೂದಲೆಳೆಯಷ್ಟೂ ಸರಿಯಬಾರದು. ಇದು ಮಾತಿಗೆ ಹೇಳುವ ಕೂದಲೆಳೆಯಲ್ಲ. ಮೂಳೆಯ ಒಳಗೆ ಹೆಣೆದುಕೊಂಡಿರುವ ಎಳೆಗಳು ಹೆಚ್ಚುಕಡಿಮೆ ಅಷ್ಟೇ ದಪ್ಪ. ಕೈ ಸರಿದರೆ ಒಂದು ಎಳೆಯ ಜಾಗದಲ್ಲಿ ಎರಡು ಮಸುಕು ಕಾಣುತ್ತವೆ, ತೂತಿನ ಜಾಗದಲ್ಲಿ ಬರೀ ಬೂದಿ ಬಣ್ಣ. ಆಮೇಲೆ ಆ ಮೂಳೆ ಗಟ್ಟಿಯೋ ಟೊಳ್ಳೋ ಯಾರಿಗೂ ಹೇಳಲಾಗದು.

ಆಗ್ನೆಸ್ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಹೊಟ್ಟೆಯ ಚರ್ಮ ಹಿಡಿದು ಸೂಜಿ ಚುಚ್ಚಿಕೊಂಡಿದ್ದಳು. ಅರುವತ್ತು ಮುದುಕಿಯರ ಮೇಲೆ ನಡೆಯುತ್ತಿದ್ದ, ಮೂಳೆ ಗಟ್ಟಿ ಮಾಡುವ ಔಷಧದ ಪರೀಕ್ಷೆ ಅದು. ಶುರುವಿನಲ್ಲಿ ಒಂದು ಚಿತ್ರ, ಕೊನೆಯಲ್ಲಿ ಒಂದು ಚಿತ್ರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಕೊನೆಯದಕ್ಕೆ ಇವತ್ತೇ ದಿನ. ನಾಳೆ ಬೆಳಿಗ್ಗೆ ಈ ಹಳೆಯ ಯಂತ್ರವನ್ನು ಬಿಚ್ಚಿ ಸಾಗಿಸುವವರು ಬರುತ್ತಾರೆ. ಹೊರಗಿನ ಓಣಿಯ ಗೋಡೆಗೆ ಈಗಲೇ ಹಳದಿ ಟೇಪು ಅಂಟಿಸಿದ್ದರು. ಹೊಸ ಯಂತ್ರದ ಚಿತ್ರ ಬೇರೆ ಥರ. ಹಳೆಯದರ ಪಕ್ಕ ಇಟ್ಟು ನೋಡಲು ಬರುವುದಿಲ್ಲ. ಇವತ್ತು ಕೆಟ್ಟರೆ ಏಳುನೂರಕ್ಕೂ ಹೆಚ್ಚು ಸೂಜಿ ಚುಚ್ಚಿಕೊಂಡಿದ್ದು ಚುಚ್ಚಿಕೊಂಡಷ್ಟೇ.

ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಆ ಚಿತ್ರ ನೋಡಬೇಕಿತ್ತು. ಎರಡು ವರ್ಷದ ಹಿಂದಿನದನ್ನು ಈವೆಟ್ ತೆರೆಯ ಮೇಲೆ ತೋರಿಸಿದ್ದಳು. ಕಪ್ಪು ನೆಲದ ಮೇಲೆ ಬಿಳಿ ಎಳೆಗಳ ಬಲೆ. ಪರದೆ ಬಟ್ಟೆಯ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಎರಡೆರಡು ಮಗ್ಗ ಓಡಿಸಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇಲ್ಲಿ ಹಾಸು ಕಡಿದಿದೆ, ಇಲ್ಲಿ ಹೊಕ್ಕು ತಪ್ಪಿದೆ, ಇಲ್ಲಿ ಬೆರಳು ತೂರುವಷ್ಟು ತೂತು. ತಪಾಸಣೆ ಮೇಜಿಗೆ ಇಂಥ ಬಟ್ಟೆ ಬಂದಿದ್ದರೆ ಮೇಸ್ತ್ರಿ ನೇಯ್ದವಳ ಮುಖಕ್ಕೇ ಎಸೆಯುತ್ತಿದ್ದ. ಅವಳ ಅಕ್ಕ ರೋಸಳದೂ ಇಂಥದೇ ಬಟ್ಟೆಯಿರಬೇಕು. ರೋಸ್ ಮನೆಯ ಮುಂದಿನ ಮೂರೇ ಮೆಟ್ಟಿಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆರು ವಾರಕ್ಕೆ ಸತ್ತಳು. ಹಾಗಾಗಿ ಆಗ್ನೆಸಳಿಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ತೂತು ಮುಚ್ಚಿದೆಯೋ, ಇಲ್ಲವೋ.

"ಹತ್ತು ನಿಮಿಷ ಹೊರಗೆ ಕೂತ್ಕೊಳ್ಳಿ," ಎಂದು ಈವೆಟ್ ಪಟ್ಟಿ ಬಿಚ್ಚಿದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹದಿನೇಳು ವರ್ಷದಿಂದ ಇದೇ ಯಂತ್ರದ ಮುಂದೆ ಕೂತವಳು. "ಮೂರನೇ ಸಲ ನೋಡೋಣ. ಹನ್ನೆರಡು ಗಂಟೆವರೆಗೆ ಮಷೀನು ನಮ್ಮದೇ."

ಹೊರಗೆ ಬೆಂಚಿನ ಮೇಲೆ ಸ್ಟಾಶಾ ಕೂತಿದ್ದಳು. ಉಪ್ಪು ಮೆತ್ತಿದ ಪ್ರೆಟ್ಸೆಲ್ ರೊಟ್ಟಿ ಒಂದನ್ನು ಮುರಿದು ತಿನ್ನುತ್ತ, ಇನ್ನೊಂದನ್ನು ಕಾಗದದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಿಲ್ಲಿನಲ್ಲಿ ಇವಳ ಮಗ್ಗ ಆಗ್ನೆಸಳ ಮಗ್ಗದ ಪಕ್ಕ. ಈಗ ಮನೆಯೂ ಪಕ್ಕದ ಬೀದಿಯಲ್ಲೇ. ಎಲ್ಲಿಗೇ ಹೋಗಲಿ, ಬೀದಿಯ ಮೇಲಿನ ಸೇತುವೆಯಲ್ಲಿ ಓಡುವ ಎಲ್ ರೈಲು ಹತ್ತುವಾಗ ಇಬ್ಬರೂ ಜೊತೆ.

ಸ್ಟಾಶಾ ದನಿಯಿಲ್ಲದೆ ಬಾಯಿ ಅಗಲ ಮಾಡಿ ಕೇಳಿದಳು: ಏನಾಯ್ತು?

ಆಗ್ನೆಸ್ ಅದೇ ಥರ ಬಾಯಾಡಿಸಿದಳು: ಈ ಹುಡುಗೀಗೆ ಕಣ್ಣಿಲ್ಲ.

"ನನಗೂ ತುಟಿ ಓದೋಕೆ ಬರುತ್ತೆ ಮಿಸ್ ಆಗ್ನೆಸ್," ಎಂದು ಪಕ್ಕಕ್ಕೆ ಬಂದು ನಿಂತಿದ್ದ ಈವೆಟ್ ಹೇಳಿದಳು. "ನಮ್ಮಜ್ಜಿ ಕಿವುಡಿ."

ಸ್ಟಾಶಾ ಪ್ರೆಟ್ಸೆಲ್ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಕ್ಕಳು.

ಈವೆಟ್ ಒಂದು ಕಾಗದ ತಂದು ತೋರಿಸಿದಳು. ನೆಟ್ಟಗೆ ಹೋಗುತ್ತಿದ್ದ ಗೆರೆ, ಅದರಲ್ಲಿ ಸಮ ಅಂತರದಲ್ಲಿ ಒಂದೊಂದು ಮುಳ್ಳು. "ಮಷೀನು ಇಪ್ಪತ್ತು ಸೆಕೆಂಡಿಗೊಂದು ಸಲ ಬಡಿಯೋದು ನಿಲ್ಸಿ, ಕೈ ಇದ್ದಲ್ಲೇ ಇದೆಯಾ ಅಂತ ನೋಡುತ್ತೆ. ಆಗೆಲ್ಲ ಈ ಮುಳ್ಳು. ಮೇಲೆ ಕೆಳಗೆ ಸರಿದ್ರೆ ಕಂಪ್ಯೂಟರ್ ಸರಿ ಮಾಡಿಕೊಳ್ಳುತ್ತೆ. ನಿಮ್ಮ ಕೈ ತಿರುಗ್ತಾ ಇದೆ. ತಿರುಗಿದ್ರೆ ಸರಿ ಮಾಡೋಕಾಗಲ್ಲ."

"ನಡುಕ ಅಂತೀಯಾ?"

"ನಡುಕ ಅಲ್ಲ. ನಡುಕಕ್ಕೆ ಗಡಿಯಾರ ಗೊತ್ತಿರಲ್ಲ."

"ಹೋದ ಸಲ ಚೆನ್ನಾಗಿಯೇ ಬಂತಲ್ಲ!"

"ಹೋದ ಸಲ ನೀವು ನಿದ್ದೆ ಹೋಗಿದ್ರಿ. ಗೊರಕೆ ಮೈಕಲ್ಲಿ ಕೇಳ್ತಾ ಇತ್ತು."

ನಿಜ. ರೋಸಳ ಆಸ್ಪತ್ರೆ ಮಂಚದ ಪಕ್ಕ ಮೂರು ರಾತ್ರಿ ಕೂತು ನೇರ ಇಲ್ಲಿಗೆ ಬಂದಿದ್ದಳು. ಈಗ ನಿದ್ದೆ ಬೇಕೆಂದರೂ ಬಾರದು. ನಿದ್ದೆ ಮಾತ್ರೆ ಕೊಡಲು ಪರೀಕ್ಷೆಯ ನಿಯಮದಲ್ಲಿ ಜಾಗವಿಲ್ಲ. ಯಂತ್ರ ನಡುವೆ ನಿಂತು ನೋಡುವುದನ್ನು ತೆಗೆದುಹಾಕಲೂ ಇಲ್ಲ; ಅರುವತ್ತು ಜನಕ್ಕೂ ಒಂದೇ ಥರ ಮಾಡಬೇಕು.

"ಮಗ್ಗದ ಮೇಲೆ ನನ್ನ ಕೈ ಎಷ್ಟು ಸ್ಥಿರ ಇತ್ತು ಇವಳನ್ನೇ ಕೇಳು," ಎಂದಳು ಆಗ್ನೆಸ್.

"ಸ್ಥಿರ ಇತ್ತು," ಎಂದಳು ಸ್ಟಾಶಾ. "ಬಾಯಿ ಮಾತ್ರ ಸ್ಥಿರ ಇರ್ಲಿಲ್ಲ."

ಮೂರನೆಯ ಸಲಕ್ಕೆ ಈವೆಟ್ ಬೆಚ್ಚಗಿನ ಕಂಬಳಿ ಹೊದಿಸಿದಳು, ಮೊಣಕೈ ಕೆಳಗೆ ಮರಳಿನ ಚೀಲ ಇಟ್ಟಳು. ಸ್ಟಾಶಾ ಯಾರನ್ನೂ ಕೇಳದೆ ಒಳಗೆ ಬಂದು, ಗಾಜಿನ ಕಿಟಕಿಯ ಹಿಂದೆ ಈವೆಟ್‌ಳ ಪಕ್ಕದ ಕುರ್ಚಿ ಎಳೆದುಕೊಂಡಳು. ಈವೆಟ್ ಹೋಗೆನ್ನಲಿಲ್ಲ. ಅಲ್ಲಿನ ಚಿಕ್ಕ ತೆರೆಯಲ್ಲಿ ಕೊಳವೆಯೊಳಗಿನ ಆಗ್ನೆಸಳ ಕೈ ಕಾಣುತ್ತಿತ್ತು.

ಹಲಗೆ ಒಳಕ್ಕೆ ಜಾರಿತು. ಬಡಿತ ಶುರುವಾಯಿತು. ಖಟ್ ಖಟ್ ಖಟ್ ಖಟ್. ಕಿವಿಗೆ ಗಿಡಿದ ಸ್ಪಂಜನ್ನು ದಾಟಿ ಅದು ಹಲ್ಲಿಗೇ ಬರುತ್ತಿತ್ತು. ಬೇರೆ ಮುದುಕಿಯರು ಈ ಸದ್ದಿಗೆ ಹೆದರುತ್ತಾರೆ, ಕೆಲವರು ಗಂಟೆ ಒತ್ತಿ ಹೊರಗೆ ಬಂದುಬಿಡುತ್ತಾರೆ ಎಂದು ಈವೆಟ್ ಹೇಳಿದ್ದಳು. ಆಗ್ನೆಸಳಿಗೆ ಹೆದರಿಕೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಆ ಸದ್ದು ಅವಳಿಗೆ ಹಿತವಾಗಿತ್ತು. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಮಿಲ್ಲಿನ ಮೂರನೆಯ ಮಹಡಿಯಲ್ಲಿ ಎಂಬತ್ತು ಮಗ್ಗ. ನೆಲ ನಡುಗುತ್ತಿತ್ತು, ಕಿಟಕಿ ಗಾಜು ನಡುಗುತ್ತಿತ್ತು, ಊಟದ ಡಬ್ಬಿಯೊಳಗಿನ ಚಮಚ ನಡುಗುತ್ತಿತ್ತು. ಬೇಸಿಗೆಯಲ್ಲಿ ನೂಲಿನ ಧೂಳು ಬೆವರಿಗೆ ಅಂಟಿ ಕೈಮೇಲೆ ತುಪ್ಪಳ ಬೆಳೆದ ಹಾಗೆ ಕಾಣುತ್ತಿತ್ತು. ಹದಿನೆಂಟಕ್ಕೆ ಸೇರಿದವಳು ಇಪ್ಪತ್ತೈದಾಗುವಷ್ಟರಲ್ಲಿ ಅರೆಕಿವುಡಿ. ಧೂಳಿಗೆ ಪುಪ್ಪುಸ ಕೆಟ್ಟು ಸತ್ತವರನ್ನು ಅವಳು ಬೆರಳು ಮಡಚಿ ಎಣಿಸಬಲ್ಲಳು. ಎರಡು ಕೈ ಸಾಲದು. ಅದು ಒಳ್ಳೆಯ ಜಾಗವಾಗಿರಲಿಲ್ಲ. ಆದರೆ ಅಲ್ಲಿ ಅವಳಿಗೆ ಎಲ್ಲ ಬರುತ್ತಿತ್ತು. ಎರಡು ಮಗ್ಗದ ಸದ್ದನ್ನು ಎಂಬತ್ತರ ಸದ್ದಿನೊಳಗಿಂದ ಆರಿಸಿ ಕೇಳುವುದು ಬರುತ್ತಿತ್ತು. ತುಟಿಯಲ್ಲೇ ಮಾತಾಡುವುದು, ತುಟಿಯಲ್ಲೇ ಬೈಯುವುದು, ಮೇಸ್ತ್ರಿಯ ಬೆನ್ನ ಹಿಂದೆ ತುಟಿಯಲ್ಲೇ ಅವನ ಮದುವೆಯ ಕಥೆ ಹೇಳುವುದು.

ಮತ್ತು ತಟ್ಟುವುದು. ಶೌಚಕ್ಕೆ ಹೋಗಬೇಕಾದವಳು ಮಗ್ಗ ಬಿಟ್ಟು ಹೋಗುವ ಹಾಗಿರಲಿಲ್ಲ. ಪಕ್ಕದವಳು ಹಿಂದೆ ಬಂದು ಬೆನ್ನ ಮೇಲೆ ಎರಡು ಸಲ ತಟ್ಟಬೇಕು. ಎರಡು ತಟ್ಟು ಬಿತ್ತೆಂದರೆ ಮಗ್ಗ ತಟ್ಟಿದವಳದು. ದಾರ ಕಡಿದರೆ, ಬಟ್ಟೆ ಕೆಟ್ಟರೆ, ಅದೂ ಅವಳದೇ. ಆಮೇಲೆ ತಿರುಗಿ ನೋಡುವ ಹಾಗಿಲ್ಲ, ನೋಡಿದರೆ ಅವಮಾನ. ವಾಪಸು ಬಂದವಳು ಒಂದು ಸಲ ತಟ್ಟಿ ತನ್ನ ಮಗ್ಗ ತೆಗೆದುಕೊಳ್ಳಬೇಕು. ದಿನದಲ್ಲಿ ಕೈಗೆ ನಿಜವಾದ ಬಿಡುವು ಸಿಗುತ್ತಿದ್ದದ್ದು ಆ ಎರಡು ತಟ್ಟಿನ ನಂತರ ಮಾತ್ರ.

ಬಡಿತ ನಿಂತಿತು. ಹಲಗೆ ಹೊರಗೆ ಬಂದಾಗ ಬಾಗಿಲಲ್ಲಿ ಸ್ಟಾಶಾ ನಿಂತಿದ್ದಳು, ಮುಖ ಕೆಂಪಾಗಿತ್ತು.

"ಲೇ ಆಗ್ಗೀ," ಎಂದಳು. "ನೀನು ಮಗ್ಗ ನಿಲ್ಲಿಸ್ತಾ ಇದೀಯ ಕಣೇ."

"ಏನು?"

"ಖಟಖಟ ಅಂತ ಓಡ್ತಾ ಇರುತ್ತೆ, ಸಡನ್ನಾಗಿ ಒಂದು ಬಡಿತ ತಪ್ಪುತ್ತೆ. ನಿನ್ನ ಬೆರಳು ಮಡಚಿಕೊಳ್ಳುತ್ತೆ, ಹೀಗೆ. ಹಿಡಿಕೆ ಎಳೀತೀಯ. ಹೊಕ್ಕು ಕಡೀತು ಅಂತ ಅಂದ್ಕೊಂಡಿದೆ ನಿನ್ನ ಕೈ. ಗಾಜಿನ ಆಚೆ ಕೂತು ನನ್ನ ಕೈಯೂ ಒಂದು ಸಲ ಎದ್ದುಬಿಡ್ತು."

ಆಗ್ನೆಸ್ ಗೂಡಿನೊಳಗಿದ್ದ ತನ್ನ ಕೈ ಕಡೆ ನೋಡಿದಳು. ಮಗ್ಗ ನಿಲ್ಲಿಸುವ ಹಿಡಿಕೆ ಎಡಕ್ಕೇ ಇತ್ತು. ಲಾಳಿಯಲ್ಲಿ ನೂಲು ಮುಗಿದರೆ ಬಡಿತದ ದನಿ ಬದಲಾಗುತ್ತದೆ. ಬದಲಾಗುವ ಮೊದಲೇ ಕೈ ಹಿಡಿಕೆಯ ಮೇಲಿರಬೇಕು. ಒಂದು ಬಡಿತ ತಡವಾದರೂ ಬಟ್ಟೆಯಲ್ಲಿ ಗೆರೆ ಬೀಳುತ್ತದೆ. ಅವಳ ಬಟ್ಟೆಯಲ್ಲಿ ಗೆರೆ ಬೀಳುತ್ತಿರಲಿಲ್ಲ. ಆ ಕಾರಣಕ್ಕೇ ಅವಳಿಗೆ ಕಿಟಕಿ ಪಕ್ಕದ ಮಗ್ಗ ಕೊಟ್ಟಿದ್ದರು.

"ಮಿಲ್ಲು ಮುಚ್ಚಿ ಇಪ್ಪತ್ತೇಳು ವರ್ಷ ಆಯ್ತು," ಎಂದಳು.

"ಅದನ್ನ ನಿನ್ನ ಕೈಗೆ ಹೇಳು."

ಈವೆಟ್ ಗಡಿಯಾರ ನೋಡಿದಳು. ಹನ್ನೊಂದು ಕಾಲು. "ಈಗ ಕಾರಣ ಗೊತ್ತಾಯ್ತಲ್ಲ. ಬಡಿತ ತಪ್ಪಿದಾಗ ಕೈ ತಡೆದು ಹಿಡ್ಕೊಳ್ಳಿ ಮಿಸ್ ಆಗ್ನೆಸ್. ಇನ್ನೊಂದು ಸಲ ನೋಡೋಣ."

ತಡೆದು ಹಿಡಿದಳು. ಅದು ಇನ್ನೂ ಕೆಟ್ಟಿತು. ಬಡಿತ ತಪ್ಪುವುದನ್ನು ಕಾದು ಕಾದು ತೋಳೆಲ್ಲ ಮರದ ಹಾಗೆ ಬಿಗಿದುಕೊಂಡಿತು. ಈಗ ಇಪ್ಪತ್ತು ಸೆಕೆಂಡಿಗೆ ಒಂದಲ್ಲ, ಗೆರೆಯ ತುಂಬ ಮುಳ್ಳು. ನಾಲ್ಕು ನಿಮಿಷಕ್ಕೇ ಈವೆಟ್ ನಿಲ್ಲಿಸಿದಳು.

"ಸಾಕು ಬಿಡಮ್ಮ," ಎಂದಳು ಆಗ್ನೆಸ್, ಚಾವಣಿ ನೋಡುತ್ತ. "ನಿನ್ನ ಊಟದ ಹೊತ್ತು ಹಾಳು. ನನ್ನ ಹೆಸರು ಹೊಡೆದುಹಾಕು."

ಈವೆಟ್ ಮತ್ತೆ ಗಡಿಯಾರ ನೋಡಿದಳು.

"ನಾನು ಒಳಗೆ ಬರಬಹುದಾ?" ಎಂದಳು ಸ್ಟಾಶಾ. "ಅದು ಬಡೀತಾ ಇರೋವಾಗ. ಅವಳ ಕಾಲ ಹತ್ರ ನಿಂತ್ಕೊಳ್ತೀನಿ."

"ಯಾಕೆ?"

"ಅವಳ ಮಗ್ಗ ನೋಡ್ಕೊಳ್ಳೋಕೆ."

ಈವೆಟ್ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಪ್ರಶ್ನೆಗಳ ಹಾಳೆ ತೆಗೆದಳು. "ಮೈಯೊಳಗೆ ಎಲ್ಲಾದ್ರೂ ಕಬ್ಬಿಣ ಇದೆಯಾ? ಹೃದಯದಲ್ಲಿ ಏನಾದ್ರೂ ಇಟ್ಟಿದಾರಾ?"

"ಅದರಲ್ಲಿ ಯಾರೂ ಏನೂ ಇಟ್ಟಿಲ್ಲ."

"ಮೊಣಕಾಲು?"

"ಕೆಟ್ಟದ್ದಾದ್ರೂ ನನ್ನದೇ."

"ಕೂದಲ ಪಿನ್ನು, ಗಡಿಯಾರ, ಕೊರಳಲ್ಲಿರೋದು, ಎಲ್ಲ ತೆಗೀಬೇಕು. ಒಳ ಉಡುಪಿನ ಕೊಂಡಿ ಕೂಡ."

"ಮಾತೆ ಮೇರಿ ಪದಕಾನೂ ತೆಗೀಬೇಕಾ? ಮದುವೆಯಿಂದ ಇಲ್ಲಿವರೆಗೂ ತೆಗೆದಿಲ್ಲ. ಪ್ರಸವದಲ್ಲೂ ತೆಗೆದಿಲ್ಲ."

"ತೆಗೀದಿದ್ರೆ ಮಾತೆಯೇ ಹಾರಿ ಮಷೀನಿಗೆ ಅಂಟ್ಕೊಳ್ತಾಳೆ."

ಸ್ಟಾಶಾ ಪದಕ ಬಿಚ್ಚಿ, ಮುತ್ತಿಟ್ಟು, ಪ್ರೆಟ್ಸೆಲ್ ಕಾಗದದಲ್ಲಿ ಸುತ್ತಿ ಈವೆಟ್‌ಳ ಕೈಗೆ ಕೊಟ್ಟಳು. ಆಸ್ಪತ್ರೆಯ ನಿಲುವಂಗಿ ತೊಟ್ಟು, ಕಿವಿಗೆ ಸ್ಪಂಜು ಗಿಡಿದುಕೊಂಡು ಬಂದವಳನ್ನು ನೋಡಿ ಆಗ್ನೆಸಳಿಗೆ ನಗು ತಡೆಯಲಾಗಲಿಲ್ಲ.

"ಹೆಣದ ಬಟ್ಟೆ ಹಾಕ್ಕೊಂಡ ಹಾಗಿದೀಯ."

"ನಿನಗಿಂತ ವಾಸಿ. ನೀನು ಪೆಟ್ಟಿಗೆಯೊಳಗೇ ಮಲಗಿದೀಯ."

ಹಲಗೆ ಒಳಗೆ ಹೋಯಿತು. ಹೊರಗೆ ಉಳಿದದ್ದು ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ. ಬಡಿತ ಶುರುವಾಯಿತು. ಆಗ್ನೆಸ್ ಕಣ್ಣು ಮುಚ್ಚಿದಳು. ತೋಳು ಇನ್ನೂ ಬಿಗಿದೇ ಇತ್ತು. ಎಣಿಸತೊಡಗಿದಳು: ಹತ್ತು, ಹನ್ನೊಂದು, ಹನ್ನೆರಡು.

ಕಾಲುಚೀಲದ ಮೇಲೆ, ಎಡ ಅಂಗಾಲಿಗೆ, ಎರಡು ತಟ್ಟು ಬಿತ್ತು. ಮೆಲ್ಲಗಲ್ಲ, ಗದ್ದಲದಲ್ಲಿ ತಿಳಿಯುವಷ್ಟು ಜೋರಾಗಿ, ಅಂಗೈ ಚಪ್ಪಟೆ ಮಾಡಿ, ಮಿಲ್ಲಿನ ತಟ್ಟು.

ಏನಾಯಿತೆಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ. ತಾನು ಏನೂ ಮಾಡಲಿಲ್ಲ ಎಂಬುದಷ್ಟೇ ಗೊತ್ತು. ಭುಜ ಕೆಳಗಿಳಿಯಿತು. ಮೊಣಕೈ ಮರಳಿನ ಚೀಲದ ಮೇಲೆ ಕೂತಿತು. ಬೆರಳುಗಳು ಒಂದೊಂದೇ ಬಿಚ್ಚಿಕೊಂಡವು. ಬಡಿತ ತಪ್ಪಿತು, ಅವಳು ಕೇಳಿಸಿಕೊಂಡಳು. ಯಾರದೋ ಮಗ್ಗದಲ್ಲಿ ಹೊಕ್ಕು ಕಡಿದಿದೆ. ತನ್ನದಲ್ಲ. ಸ್ಟಾಶಾ ನೋಡಿಕೊಳ್ಳುತ್ತಾಳೆ. ಕೆಡಿಸಿದರೆ ಅವಳು ಬೈಸಿಕೊಳ್ಳುತ್ತಾಳೆ.

ಮಗ್ಗ ಬಿಟ್ಟವಳು ಎಲ್ಲಿಗೆ ಹೋಗುತ್ತಿದ್ದಳೋ ಆಗ್ನೆಸ್ ಅಲ್ಲಿಗೇ ಹೋದಳು: ಹಿಂದಿನ ಕಬ್ಬಿಣದ ಮೆಟ್ಟಿಲಿಗೆ. ಅಲ್ಲಿ ಕೂತರೆ ಕೆಳಗೆ ನೂಲಿಗೆ ಬಣ್ಣ ಹಾಕುವ ಶೆಡ್ಡು, ಅದರಾಚೆ ಸಾಲುಮನೆಗಳ ಹಿತ್ತಿಲು, ಹಗ್ಗದ ಮೇಲೆ ಬಟ್ಟೆ. ಬಣ್ಣದ ನೀರು ಬಿಟ್ಟ ದಿನ ಚರಂಡಿ ಹಸಿರಾಗಿಯೋ ಕೆಂಪಾಗಿಯೋ ಹರಿಯುತ್ತಿತ್ತು. ಮುಂದಿನ ವರ್ಷ ಊರಿನ ಹೆಂಗಸರು ಯಾವ ಬಣ್ಣದ ಪರದೆ ಕೊಳ್ಳುತ್ತಾರೆಂದು ಮಿಲ್ಲಿನವರಿಗೆ ಚರಂಡಿ ನೋಡಿ ತಿಳಿಯುತ್ತಿತ್ತು. ಐದು ನಿಮಿಷ ಒಂದು ಸಿಗರೇಟು. ರೋಸ್ ಕೆಳಗಿನ ಮಹಡಿಯಿಂದ ಹತ್ತಿ ಬಂದು ಅರ್ಧ ಸೇದಿ ಹೋಗುತ್ತಿದ್ದಳು. ಆ ಮೆಟ್ಟಿಲನ್ನು ರೋಸ್ ಎರಡೆರಡಾಗಿ ಹಾರುತ್ತ ಇಳಿಯುತ್ತಿದ್ದಳು. ಹಿಂದೆ ತಿರುಗಿ "ಬರ್ತೀನಿ ಕಣೇ," ಎಂದು ತುಟಿಯಲ್ಲೇ ಹೇಳುತ್ತಿದ್ದಳು.

"ಮಿಸ್ ಆಗ್ನೆಸ್," ಎಂದಿತು ಮೈಕು. "ಉಸಿರಾಡಿ. ಮುಗೀತು."

ತೆರೆಯ ಮುಂದೆ ಮೂವರೂ ನಿಂತರು. ಗೆರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದ ದಾರದ ಹಾಗಿತ್ತು. ಈವೆಟ್ ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕ ತಂದಳು. ಕಪ್ಪು ನೆಲ, ಬಿಳಿ ಎಳೆ, ಒಂದೊಂದೂ ಸ್ಪಷ್ಟ.

"ನಾನು ಏನೂ ಹೇಳೋ ಹಾಗಿಲ್ಲ. ಹೇಳೋರು ಡಾಕ್ಟರು," ಎಂದಳು ಈವೆಟ್.

"ನೀನು ಹೇಳಬೇಡ. ನಾನು ನೋಡ್ತೀನಿ."

ಆಗ್ನೆಸ್ ಕನ್ನಡಕ ಹಣೆಗೆ ಸರಿಸಿ ತೆರೆಗೆ ಮೂಗು ತಾಗುವಷ್ಟು ಬಗ್ಗಿದಳು. ಬಹಳ ಹೊತ್ತು ನೋಡಿದಳು. ದೊಡ್ಡ ತೂತು ಹಾಗೇ ಇತ್ತು. ಅದರ ಪಕ್ಕದ್ದೂ ಹಾಗೇ ಇತ್ತು. ಮೂರು ಕಡೆ ಎಳೆ ಮೊದಲಿಗಿಂತ ದಪ್ಪ. ಕೆಳಗೊಂದು ಕಡೆ, ಹಿಂದೆ ಎರಡು ತುದಿ ಗಾಳಿಯಲ್ಲಿ ನಿಂತಿದ್ದಲ್ಲಿ, ಈಗ ಗಂಟು ಬಿದ್ದು ಒಂದಾಗಿತ್ತು. ಹೊಸದಾಗಿ ಎಲ್ಲೂ ಹರಿದಿರಲಿಲ್ಲ.

"ಹೆಂಗಿದೆ?" ಎಂದಳು ಸ್ಟಾಶಾ. ಅವಳ ಕನ್ನಡಕ ಇನ್ನೂ ಈವೆಟ್‌ಳ ತಟ್ಟೆಯಲ್ಲೇ ಇತ್ತು.

"ಮುಂಚೆ ಚಿಂದಿ ಪೆಟ್ಟಿಗೆಗೆ ಹೋಗೋ ಮಾಲು. ಈಗ ಎರಡನೇ ದರ್ಜೆ."

"ನಮ್ಮನೆ ಪರದೆಯೆಲ್ಲ ಎರಡನೇ ದರ್ಜೆಯದೇ. ನಲವತ್ತು ವರ್ಷದಿಂದ ನೇತಾಡ್ತಾ ಇದೆ."

ಆಗ್ನೆಸ್ ನೆಟ್ಟಗಾದಳು. ಇನ್ನೂ ಚೆನ್ನಾಗಿರಬಹುದಿತ್ತು ಎನ್ನಿಸಿತು. ಸದ್ಯ ಇಷ್ಟಾದರೂ ಎಂದೂ ಎನ್ನಿಸಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ತಿಳಿಯಲಿಲ್ಲ. ಈವೆಟ್‌ಳ ಕೈ ಹಿಡಿದು ಅದುಮಿದಳು. "ನಾಳೆ ಇದನ್ನ ಒಯ್ತಾರೆ ಅಲ್ವಾ?"

"ಹೌದು. ಹೊಸದು ಇಷ್ಟು ಬಡಿಯೋದಿಲ್ಲವಂತೆ."

"ಪಾಪ," ಎಂದಳು ಆಗ್ನೆಸ್. ಯಾರಿಗೆ ಎಂದು ಹೇಳಲಿಲ್ಲ.

ಎಲ್ ರೈಲಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಸ್ಟಾಶಾ ಪದಕ ಮತ್ತೆ ಕೊರಳಿಗೆ ಹಾಕಿಕೊಂಡು, ಉಪ್ಪು ಉದುರಿದ ಎರಡನೆಯ ಪ್ರೆಟ್ಸೆಲ್ ಮುರಿದು ಅರ್ಧ ಕೊಟ್ಟಳು. ಮಿಲ್ಲು ಇದ್ದ ಜಾಗ ಎಡಗಡೆ ಬರುತ್ತದೆ. ಕಟ್ಟಡ ಸುಟ್ಟು ಹೋದ ಮೇಲೆ ಅಲ್ಲಿ ಬರೀ ಹುಲ್ಲು, ತಂತಿ ಬೇಲಿ, ಯಾರೋ ತಂದು ಬಿಸಾಡಿದ ಟೈರುಗಳು. ಯಾವಾಗಲೂ ಆ ಜಾಗ ಬಂದಾಗ ಇಬ್ಬರೂ ಬಲಗಡೆ ನೋಡುತ್ತಾರೆ. ಇವತ್ತು ಆಗ್ನೆಸ್ ಎಡಕ್ಕೆ ನೋಡಿದಳು.

"ನೆನಪಿದೆಯಾ?" ಎಂದಳು. "ಕೊನೇ ದಿನ ನೀನು ಮೆಟ್ಟಿಲಿಗೆ ಹೋಗಿದ್ದೆ. ನಿನ್ನ ಎರಡೂ ಮಗ್ಗ ನನ್ನ ಕೈಲಿತ್ತು. ಅಷ್ಟರಲ್ಲಿ ಕರೆಂಟು ತೆಗೆದ್ರು."

"ನೆನಪಿಲ್ಲದೆ ಏನು. ನಾನು ಬರೋಷ್ಟರಲ್ಲಿ ಬಾಗಿಲಿಗೆ ಬೀಗ. ನನ್ನ ಊಟದ ಡಬ್ಬಿಯೂ ಒಳಗೇ ಹೋಯ್ತು."

"ನೀನು ಬಂದು ತಟ್ಟಲೇ ಇಲ್ಲ."

"ಏನಿತ್ತು ತಟ್ಟೋಕೆ!" ಸ್ಟಾಶಾ ಉಪ್ಪು ನೆಕ್ಕಿಕೊಂಡಳು. "ಅದಿರ್ಲಿ, ನಿನ್ನ ಮಗ್ಗ ಈಗ ನನ್ನ ಹತ್ರ ಇದೆ. ತಟ್ಟಿ ವಾಪಸ್ ತಗೊಳ್ಳಲ್ವಾ?"

ಆಗ್ನೆಸ್ ತನ್ನ ಅರ್ಧ ಪ್ರೆಟ್ಸೆಲ್ ಕಚ್ಚಿದಳು. "ಇರ್ಲಿ ಬಿಡು. ನೀನೇ ನೋಡ್ಕೋ."

ಅಲಿಗೇನಿ ನಿಲ್ದಾಣಕ್ಕೆ ರೈಲು ಬ್ರೇಕು ಹಾಕಿತು. ಗಾಲಿಗಳ ಖಟಖಟ ಒಂದು ಬಡಿತ ತಪ್ಪಿ ನಿಧಾನವಾಯಿತು. ಆಗ್ನೆಸ್ ತೊಡೆಯ ಮೇಲಿದ್ದ ಎಡಗೈ ನೋಡಿದಳು. ಬೆರಳು ಮಡಚಿಕೊಳ್ಳಲಿಲ್ಲ. ಇನ್ನೊಂದು ಬಡಿತ ತಪ್ಪಲಿ ಎಂದು ಕಾದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ನಿಲ್ದಾಣದ ಮೆಟ್ಟಿಲು ಕಡಿದಾಗಿದೆ, ಕಂಬಿ ಹಿಡ್ಕೋ ಎಂದು ಸ್ಟಾಶಾ ಗದರಿದಳು.